ಕಲ್ಲಿನ ಬಲಗಡೆ

ಮಾರ್ಚ್ 3, ಸೋಮವಾರ

ಅಮ್ಮ ಹೋಗಿ ಆರು ವಾರ. ಈ ಆರು ವಾರದಲ್ಲಿ ಉಪ್ಪಿನ ಡಬ್ಬಿ ಕೇಳಲು ಬಿಟ್ಟರೆ ಬೇರೆ ಯಾತಕ್ಕೂ ಬಾಯಿ ತೆರೆಯದ ಮನುಷ್ಯ ಇವತ್ತು ಊಟದ ಹೊತ್ತಿಗೆ ಒಂದು ಚೀಟಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟರು.

"ಕಲ್ಲಿಗೆ" ಎಂದರು. ಅಷ್ಟೇ.

ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸಿ, ಪ್ರೂಫ್ ತಿದ್ದಿದ ಕೈ. ಬರೆದರೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ, ಕಿತ್ತು ಬೇರೆ ಕಡೆ ಹಾಕಬಹುದು ಎನ್ನುವ ಹಾಗೆ ನಿಂತಿರುತ್ತದೆ. ಚೀಟಿಯಲ್ಲಿ ಇದ್ದದ್ದು ಬೈಬಲ್ಲಿನ ಪ್ರೇಮಗೀತೆಗಳಲ್ಲಿ ಗಂಡು ಹೆಣ್ಣಿಗೆ ಹೇಳುವ ಸಾಲು. ಮಿಕ್ಕ ಹೆಣ್ಣುಮಕ್ಕಳ ನಡುವೆ ತನ್ನವಳು ಮುಳ್ಳುಗಳ ನಡುವಿನ ಹೂವಿನಂತೆ ಎನ್ನುವುದು ಅದರ ಅರ್ಥ.

ನಲವತ್ತೊಂಬತ್ತು ವರ್ಷ ಅಮ್ಮನನ್ನು ಹೆಸರು ಹಿಡಿದು ಕರೆದವರಲ್ಲ ಇವರು. 'ಇಲ್ನೋಡು', 'ಕೇಳಿಸ್ತಾ', ಇವೇ ಅಮ್ಮನ ಹೆಸರುಗಳು. ಈಗ ಹೂವಂತೆ.

ಆರಿಸಿದ್ದು ಬೇರೆ ನನ್ನದೇ ಸಾಲನ್ನು. ಲೈಬ್ರರಿಯ ಕೆಲಸ ಮಾಡಿಕೊಂಡೇ ನಲವತ್ತಾರನೇ ವಯಸ್ಸಿನಲ್ಲಿ ಎಂ.ಎ. ಮುಗಿಸಿ, ಆ ಗೀತೆಗಳ ಹೂವುಗಳ ಮೇಲೆ ನೂರಾ ಹನ್ನೆರಡು ಪುಟದ ಪ್ರಬಂಧ ಬರೆದವಳು ನಾನು. ಈ ಮನುಷ್ಯ ಅದನ್ನು ಓದಿ ಕೊಟ್ಟ ಅಭಿಪ್ರಾಯ ಒಂದೇ: "ಎಪ್ಪತ್ತನೇ ಪುಟದಲ್ಲಿ ಒಂದು ಪೂರ್ಣವಿರಾಮ ಹೆಚ್ಚಿಗೆ ಇದೆ."

"ನೋಡೋಣ" ಎಂದು ಚೀಟಿ ಮಡಚಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟೆ.

ಮಾರ್ಚ್ 5, ಬುಧವಾರ

ಅರ್ಧ ದಿನ ರಜೆ ಹಾಕಿ ಕಲ್ಲು ಕೆತ್ತುವ ಮೇಸ್ತ್ರಿಯ ಅಂಗಳಕ್ಕೆ ಹೋದೆ. ಎಲ್ಲೆಡೆ ಬಿಳಿ ಧೂಳು. ಮೇಸ್ತ್ರಿಯ ಹುಬ್ಬಿಗೂ ಧೂಳು ಕೂತು, ಮೂವತ್ತೈದರವನು ಎಪ್ಪತ್ತರವನಂತೆ ಕಾಣುತ್ತಾನೆ.

ಗಂಡ ಹೆಂಡತಿಗೆ ಒಂದೇ ಕಲ್ಲು ಹಾಕಿಸುವುದು ವಾಡಿಕೆಯಂತೆ. ಎಡಗಡೆ ಹೋದವರದು. ಬಲಗಡೆ ಹೊಳಪು ಕೊಟ್ಟು ಖಾಲಿ ಬಿಡುತ್ತಾರೆ, ಇರುವವರಿಗೆ. ಸ್ಮಶಾನದ ಕಚೇರಿಯವರು ಎತ್ತರಕ್ಕೆ ಮಿತಿ ಹಾಕಿದ್ದಾರೆ. ಹೆಸರು, ವರ್ಷ, ಒಂದು ಹೂವು, ಕೆಳಗೆ ಒಂದೇ ಸಾಲು.

"ಎರಡು ಸಾಲು ಹಿಡಿಸಲ್ವಾ?"

"ಹಿಡಿಸ್ತೀನಿ ಮೇಡಮ್. ಎರಡನೇದನ್ನ ಹುಲ್ಲು ಓದ್ಕೊಳತ್ತೆ."

ಇನ್ನೊಂದು ನಿಯಮವನ್ನೂ ಹೇಳಿದ. ನಮೂನೆಯ ಹಾಳೆಗೆ ಒಬ್ಬರೇ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಉಳಿ ಕಲ್ಲಿಗೆ ತಾಗುವುದಿಲ್ಲ. ತಾಗಿದ ಮೇಲೆ ದೇವರೇ ಬಂದು ಹೇಳಿದರೂ ಬದಲಾಗುವುದಿಲ್ಲ. "ಅಣ್ಣ ಒಂದು ಹೇಳ್ತಾನೆ, ಅತ್ತಿಗೆ ಇನ್ನೊಂದು ಹೇಳ್ತಾರೆ, ಕೊನೆಗೆ ಎಲ್ರೂ ಸೇರಿ ನನ್ನ ಬೈತಾರೆ. ಅದಕ್ಕೇ ಒಬ್ಬರು."

ಆ ಒಬ್ಬರು ನಾನು ಎಂದು ಬರೆಸಿ ಬಂದೆ. ಮನೆಗೆ ಬಂದು ಹೇಳಿದಾಗ ಅವರು ತಲೆಯಾಡಿಸಿ ಪೇಪರಿನ ಪುಟ ತಿರುಗಿಸಿದರು. ಪೇಪರ್ ಓದುವಾಗಲೂ ಕೈಯಲ್ಲಿ ಕೆಂಪು ಪೆನ್ಸಿಲ್. ಯಾರಿಗೆ ತಿದ್ದಿ ಕೊಡುತ್ತಾರೋ.

ಮಾರ್ಚ್ 9, ಭಾನುವಾರ

ತಂಗಿ ಬಂದಿದ್ದಳು. ಭಾನುವಾರ ಮಧ್ಯಾಹ್ನ ಅವಳ ಪಾರ್ಲರಿಗೆ ಬಿಡುವು. ಬಂದವಳೇ ನನ್ನ ಕೂದಲು ಹಿಡಿದು ನೋಡಿ, "ಅಯ್ಯೋ, ಇದನ್ನ ತೊಳೀತೀಯೋ ಇಲ್ಲಾ ಶಾಪ ಹಾಕ್ತೀಯೋ?" ಎಂದಳು. ಚೀಟಿ ತೋರಿಸಿದೆ. ಎರಡು ಸಲ ಓದಿದಳು.

"ಅಂದ್ರೆ ಹೂವು ಅಮ್ಮ. ಮುಳ್ಳು ನಾವಿಬ್ರು."

"ಹಾಗಲ್ಲ ಕಣೇ ಅದರ ಅರ್ಥ."

"ಅರ್ಥ ನಿಂದು, ಚುಚ್ಚೋದು ನಂದು. ಹಾಕ್ಸಿಬಿಡೇ ಅಕ್ಕ. ಒಂದು ಸಲ ಏನೋ ಒಳ್ಳೇ ಮಾತು ಬಂದಿದೆ ಬಾಯಿಂದ."

ಬಾಯಿಂದ ಎಲ್ಲಿ ಬಂತು, ಚೀಟಿಯಲ್ಲಿ ಬಂತು ಎಂದೆ. ಆಮೇಲೆ ಹೊಲಿಗೆ ಯಂತ್ರದ ಡ್ರಾಯರಿನಿಂದ ಆ ಕಾಗದ ತೆಗೆದು ಅವಳ ಮುಂದಿಟ್ಟೆ. ಹೋದ ವಾರ ಗುಂಡಿಗಳ ಡಬ್ಬಿಯ ಕೆಳಗೆ ಸಿಕ್ಕಿತ್ತು. ಮದುವೆಯಾದ ಹೊಸತರಲ್ಲಿ ಅವರು ನಾಲ್ಕು ತಿಂಗಳು ಬೇರೆ ಊರಿನ ಅಚ್ಚುಕೂಟದಲ್ಲಿದ್ದಾಗ ಅಮ್ಮ ಬರೆದದ್ದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಒಂದು ಪುಟ ತುಂಬಿಸಿದ್ದಾಳೆ. ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ್ದು, ನಲ್ಲಿ ಸೋರುವುದು, ಅವರ ಅಂಗಿಯನ್ನು ಒಗೆಯದೆ ಹಾಗೇ ಇಟ್ಟುಕೊಂಡಿರುವುದು. ಕೊನೆಯಲ್ಲಿ, "ನನ್ನದೇನಿದೆ, ಎಲ್ಲರ ಹಾಗೆ ಇದ್ದೇನೆ."

ಅದನ್ನು ಅವರು ತಿದ್ದಿ ವಾಪಸು ಕಳಿಸಿದ್ದಾರೆ. ಕೆಂಪು ಪೆನ್ಸಿಲ್ಲಿನಲ್ಲಿ. ಹದಿನೇಳು ಕಡೆ. ಪಕ್ಕದ ಅಂಚಿನಲ್ಲಿ ಅಚ್ಚುಕೂಟದ ಗುರುತುಗಳು: ಕೂಡಿಸು, ಬಿಡಿಸು, ತೆಗೆದುಹಾಕು. ಜವಾಬು ಎಂದು ಒಂದಕ್ಷರ ಇಲ್ಲ.

ತಂಗಿ ಬಹಳ ಹೊತ್ತು ಹಿಡಿದುಕೊಂಡಿದ್ದಳು. "ಅಮ್ಮ ಇದನ್ನ ಇಟ್ಕೊಂಡಿದ್ದಳಲ್ಲ" ಎಂದಳು. ನಾನು ಹೇಳಬೇಕೆಂದಿದ್ದೂ ಅದೇ. ಸಾಕ್ಷಿಯಾಗಿ ಇಟ್ಟುಕೊಂಡಿದ್ದಾಳೆ.

ಮಾರ್ಚ್ 14, ಶುಕ್ರವಾರ

ಇವತ್ತು ಹೇಳಿಬಿಟ್ಟೆ.

"ಮುಳ್ಳಿನ ಸಾಲು ಬೇಡ. ಅದಕ್ಕಿಂತ ಒಂದು ಸಾಲು ಹಿಂದೆ ಆ ಹೆಣ್ಣೇ ತನ್ನ ಬಗ್ಗೆ ಹೇಳ್ಕೊಳ್ತಾಳಲ್ಲ, ಅದನ್ನ ಹಾಕಿಸ್ತೀನಿ."

ತಾನು ಬಯಲಿನ ಒಂದು ಹೂವು ಎನ್ನುತ್ತಾಳೆ ಅವಳು. ಅದು ಯಾವ ಹೂವೆಂದು ಇವತ್ತಿಗೂ ಯಾರಿಗೂ ಖಚಿತವಿಲ್ಲ. ಚಳಿ ದೇಶದ ಅನುವಾದಕರು ಅದನ್ನು ಗುಲಾಬಿ ಮಾಡಿದರು, ಇನ್ನು ಕೆಲವರು ತಾವರೆ ಮಾಡಿದರು. ಬಯಲಿನಲ್ಲಿ, ಅದೂ ಮುಳ್ಳಿನ ನಡುವೆ, ತಾವರೆ ಹೇಗೆ ಬಂತೆಂದು ಕೇಳುವವರಿಲ್ಲ. ನನ್ನ ಪ್ರಬಂಧದ ವಾದವೇ ಇದು: ಅದು ರಾಜನ ತೋಟದ ಹೂವಲ್ಲ. ಮಳೆಯ ಮೇಲೆ ನೆಲದ ಗೆಡ್ಡೆಯಿಂದ ಸಾವಿರಗಟ್ಟಲೆ ಏಳುವ, ಕುರಿಗಳು ತುಳಿದು ಹೋಗುವ ಹೂವು. ಒಬ್ಬ ಹೆಣ್ಣು ಯಾರ ಅಪ್ಪಣೆಯೂ ಇಲ್ಲದೆ 'ನಾನು ಇದು' ಎಂದು ಹೇಳಿಕೊಂಡಳಲ್ಲ, ಅದು ದೊಡ್ಡದು. ಅಮ್ಮನೂ ಕಲ್ಲಿನ ಮೇಲಾದರೂ ತಾನೇ ಮಾತಾಡಲಿ.

ಎಲ್ಲವನ್ನೂ ನಿಂತುಕೊಂಡೇ ಹೇಳಿದೆ. ಅವರು ಕೇಳಿದರು. "ಅದರ ಮುಂದಿನ ಸಾಲು?"

"ಅದು ಗಂಡಸಿನದು. ಜಾಗ ಇಲ್ಲ."

"ಒಂದರ ಬೆನ್ನಿಗೇ ಇನ್ನೊಂದಿದೆ."

"ಇರಬಹುದು. ಇದನ್ನೂ ನೋಡಿ." ಕಾಗದವನ್ನು ಅವರ ಮುಂದೆ ಹಾಕಿದೆ. ಇಟ್ಟೆ ಎಂದು ಬರೆಯಲು ಹೊರಟಿದ್ದೆ. ಇಡಲಿಲ್ಲ, ಹಾಕಿದೆ.

ಕನ್ನಡಕ ಹಾಕಿಕೊಂಡರು. ಕೈ ತಾನಾಗಿ ಜೇಬಿಗೆ ಹೋಗಿ ಪೆನ್ಸಿಲ್ ತೆಗೆಯಿತು. ಮೇಲಿನಿಂದ ಕೆಳಗಿನವರೆಗೆ ಸಾಲಿನ ಕೆಳಗೆ ಪೆನ್ಸಿಲ್ ತುದಿ ಸರಿಸುತ್ತ ಓದಿದರು. 'ಎಲ್ಲರ ಹಾಗೆ ಇದ್ದೇನೆ' ಎನ್ನುವ ಕೊನೆಯ ಸಾಲಿನ ಹತ್ತಿರ ಪೆನ್ಸಿಲ್ ನಿಂತಿತು.

"ಒಂದು ತಪ್ಪು ಆವತ್ತು ನನ್ನ ಕಣ್ಣಿಗೆ ಬಿದ್ದಿಲ್ಲ" ಎಂದರು.

ನನಗೆ ಕಿರುಚಬೇಕೆನಿಸಿತು. ಸತ್ತ ಹೆಂಡತಿಯ ಕಾಗದದಲ್ಲಿ ಹದಿನೆಂಟನೇ ತಪ್ಪು! ಕಸಿದುಕೊಂಡು ಒಳಗೆ ಬಂದೆ. ಹಿಂದಿನಿಂದ ದನಿ ಬಂತು: "ನೀನು ಓದಿದವಳು. ನಿನಗೆ ಹೇಗೆ ಕಾಣತ್ತೋ ಹಾಗೆ ಮಾಡಮ್ಮ."

ಗೆದ್ದೆ ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಜೀವನದಲ್ಲಿ ಮೊದಲ ಸಲ.

ಮಾರ್ಚ್ 15, ಶನಿವಾರ

ತಂಗಿ ಪಾರ್ಲರಿನ ಹೊಸ ದರಪಟ್ಟಿ ಬರೆದು, ಗೋಡೆಗೆ ಅಂಟಿಸುವ ಮುಂಚೆ ಒಮ್ಮೆ ನೋಡು ಎಂದು ಕಳಿಸಿದ್ದಳು. ಒಂಬತ್ತು ತಪ್ಪು. ಗುರುತು ಹಾಕಿ ವಾಪಸು ಕಳಿಸಿದೆ. ಸಂಜೆ ಫೋನ್ ಮಾಡಿ, "ಚೆನ್ನಾಗಿದೆಯೋ ಇಲ್ವೋ ಅಂತ ಒಂದು ಮಾತು ಹೇಳಬಾರದಾ? ನೀನು ಅಪ್ಪನ ಎರಡನೇ ಮುದ್ರಣ ಕಣೇ" ಎಂದು ನಕ್ಕಳು.

ಅವಳಿಗೆ ಎಲ್ಲವೂ ತಮಾಷೆ.

ಮಾರ್ಚ್ 22, ಶನಿವಾರ

ನಮೂನೆ ನೋಡಲು ಹೋದಾಗ ಅವರೂ ಜೊತೆಗೆ ಬಂದರು. ಬನ್ನಿ ಎಂದು ನಾನು ಕರೆದಿರಲಿಲ್ಲ. ಬೇಡವೆಂದೂ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಅವರಿಗೆ ಬಿಟ್ಟೆ, ಇಲ್ಲದಿದ್ದರೆ ಹೊಟ್ಟೆ ತೊಳಸುತ್ತದೆ ಅವರಿಗೆ.

ಮೇಸ್ತ್ರಿಯ ಬಳಿ ಇರುವುದು ಒಂದೇ ಹೂವಿನ ಅಚ್ಚು, ಕಹಳೆಯ ಬಾಯಿಯಂತೆ ತೆರೆದುಕೊಂಡ ಲಿಲ್ಲಿ. ಅದು ಬೇಡವೆಂದು ನಾನು ಆರು ದಳದ, ತಗ್ಗಾದ ಬಯಲು ಹೂವೊಂದರ ಚಿತ್ರ ಕೊಟ್ಟಿದ್ದೆ. ಅದೇ ಗೀತೆಯಲ್ಲಿ ಪ್ರಿಯನ ತುಟಿಗೂ ಈ ಹೂವಿನ ಹೋಲಿಕೆ ಬರುತ್ತದೆ, ಆದ್ದರಿಂದ ಕೆಂಪಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ ಎಂದೆಲ್ಲ ವಿವರಿಸಿದ್ದೆ.

"ಕಲ್ಲು ಕಪ್ಪು ಮೇಡಮ್" ಎಂದ ಮೇಸ್ತ್ರಿ. ತಾನು ಬರೆದ ಚಿತ್ರವನ್ನು ಒಮ್ಮೆ ಓರೆಯಾಗಿ ನೋಡಿದ. "ಬೇಜಾರು ಮಾಡ್ಕೋಬೇಡಿ. ಸೀಲಿಂಗ್ ಫ್ಯಾನ್ ಥರ ಕಾಣ್ತಿದೆ."

ನಗಬಾರದಿತ್ತು. ನಕ್ಕೆ. ಅಪ್ಪನೂ ಮೂಗಿನಲ್ಲಿ ಒಂದು ಸದ್ದು ಮಾಡಿದರು.

ಅಕ್ಷರದ ಹಾಳೆಯನ್ನು ಬೆಳಕಿಗೆ ತೂಗುಹಾಕಿದ್ದ. ಅಪ್ಪ ಅದರ ಹಿಂದುಗಡೆ ನಿಂತು, ತಿರುಗುಮುರುಗಾದ ಅಕ್ಷರಗಳನ್ನು ನಾವು ನೇರವಾಗಿ ಓದುವುದಕ್ಕಿಂತ ಬೇಗ ಓದಿ ಮುಗಿಸಿ, "ವರ್ಷದ ಅಂಕಿ ಒಂದು ಕೂದಲೆಳೆ ಮೇಲಿದೆ" ಎಂದರು. ಮೇಸ್ತ್ರಿ ಅಳತೆಪಟ್ಟಿ ಇಟ್ಟು ನೋಡಿ ಹಣೆ ಮುಟ್ಟಿಕೊಂಡ. ಆಮೇಲೆ ಅಪ್ಪ ಕಲ್ಲಿನ ಬಲಗಡೆ ಬಂದು ನಿಂತರು. ಹೊಳಪಿನಲ್ಲಿ ಅವರ ಮುಖ ಕಾಣುತ್ತಿತ್ತು.

"ಇದು ನನ್ನದಾ?"

"ಹೌದು ಯಜಮಾನ್ರೇ. ಅವಸರವೇನಿಲ್ಲ."

"ನನಗೂ ಇಲ್ಲ."

ಸಹಿ ಹಾಕಿದೆ.

ಏಪ್ರಿಲ್ 6, ಭಾನುವಾರ

ಕಲ್ಲು ನಿಲ್ಲಿಸಿದರು. ನಾವು ಮೂವರೇ. ಅಮ್ಮನ ಹೆಸರು, ಹುಟ್ಟು-ಸಾವಿನ ವರ್ಷಗಳು, ಫ್ಯಾನಿನಂಥ ಹೂವು, ಅದರ ಕೆಳಗೆ ಬಯಲಿನ ಹೂವಿನ ಸಾಲು. ನಾನೇ ಮಾಡಿದ ಅನುವಾದ. ಒಂದು ಪದ ಹೆಚ್ಚಿಲ್ಲ.

ಪಕ್ಕದ ಸಮಾಧಿಗೆ ನೀರು ಹಾಕುತ್ತಿದ್ದ ಹೆಂಗಸು ಬಂದು ಓದಿದರು. ಎಲ್ಲ ಓದಿ ತಂಗಿಯ ಕಡೆ ತಿರುಗಿ ಕರುಣೆಯಿಂದ, "ಪಾಪ, ಬಹಳ ಸಾಧಾರಣದವರಾಗಿದ್ರು ಅಂತ ಕಾಣತ್ತೆ" ಎಂದು ಕೊಡ ಎತ್ತಿಕೊಂಡು ಹೋದರು.

ನನಗೆ ಮೈಯೆಲ್ಲ ಉರಿಯಿತು. ಅವರಿಗೆ ಗೊತ್ತಿಲ್ಲ, ಅದು ಹಾಗಲ್ಲ, ಆ ಸಾಲಿನಲ್ಲಿ ಎಷ್ಟು ಸ್ವಾಭಿಮಾನವಿದೆ ಎಂದು ತಂಗಿಗೆ ಹೇಳತೊಡಗಿದೆ.

"ಅಕ್ಕ, ಸಾಕು." ಯಾವತ್ತೂ ಇಲ್ಲದ ದನಿ. "ಅಮ್ಮ 'ನಂದೇನಿದೆ ಬಿಡಿ' ಅಂತಿದ್ದಳಲ್ಲ, ನೆನಪಿದೆಯಾ?"

"ದಿನಾ ಅಂತಿದ್ದಳು."

"ಅಂದಮೇಲೆ ಏನು ಮಾಡ್ತಿದ್ದಳು?"

ಗೊತ್ತಿರಲಿಲ್ಲ.

"ಸೌಟು ಕೈಯಲ್ಲಿ ಹಿಡ್ಕೊಂಡು ಒಂದು ಗಳಿಗೆ ನಿಲ್ತಿದ್ದಳು. ಅಪ್ಪನ ಮುಖ ನೋಡ್ತಾ. ಇಲ್ಲ ಕಣೇ, ನೀನು ಹಾಗಲ್ಲ ಅಂತ ಯಾರಾದ್ರೂ ಅನ್ಲಿ ಅಂತ. ನೀನು ಪುಸ್ತಕದೊಳಗೆ ಇರ್ತಿದ್ದೆ. ನಾನು ಚಿಕ್ಕೋಳು, ನೆಲದ ಮೇಲೆ ಕೂತಿರ್ತಿದ್ದೆ, ನಂಗೆ ಕಾಣ್ತಿತ್ತು." ಕಲ್ಲಿನ ಕಡೆ ಕೈ ತೋರಿಸಿದಳು. "ಈಗ ನೋಡು. ಕಲ್ಲಲ್ಲೂ ಹಾಗೇ ನಿಲ್ಲಿಸಿದೀಯ."

ಅಪ್ಪ ಹತ್ತು ಮಾರು ದೂರದಲ್ಲಿ, ಟೋಪಿ ಕೈಯಲ್ಲಿ ಹಿಡಿದು, ಬೇರೆ ಯಾರದೋ ಕಲ್ಲಿನ ಅಕ್ಷರ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ.

ಏಪ್ರಿಲ್ 8, ಮಂಗಳವಾರ

ಪ್ರಬಂಧ ತೆಗೆದು ನೋಡಿದೆ. ದಳ, ಗೆಡ್ಡೆ, ಬಣ್ಣ, ಎಲ್ಲೆಲ್ಲಿ ಬೆಳೆಯುತ್ತದೆ, ಯಾವ ತಿಂಗಳು ಅರಳುತ್ತದೆ, ಇದಕ್ಕೆ ನಲವತ್ತು ಪುಟ. ಗಂಡು ಕೊಡುವ ಜವಾಬಿಗೆ ಅರ್ಧ ಪುಟ. 'ಇದು ಸಾಂಪ್ರದಾಯಿಕ ಹೊಗಳಿಕೆ' ಎಂದು ಮುಗಿಸಿದ್ದೇನೆ.

ಅಲ್ಲ. ಈಗ ಕಾಣುತ್ತದೆ. ಅವನು ಅವಳನ್ನು ಬೇರೆ ಹೂವು ಮಾಡುವುದಿಲ್ಲ. ಅವಳು ತನ್ನನ್ನು ಕರೆದುಕೊಂಡ ಅದೇ ಹೂವನ್ನು ಎತ್ತಿಕೊಳ್ಳುತ್ತಾನೆ, ಸುತ್ತಲಿನ ಬಯಲನ್ನಷ್ಟೇ ಬದಲಿಸುತ್ತಾನೆ. ಸಾವಿರದಲ್ಲಿ ಒಂದು ಎಂದಳು ಅವಳು. ಸಾವಿರ ಎಲ್ಲಿದೆ, ನನಗೆ ಕಾಣುವುದು ಮುಳ್ಳು ಮತ್ತು ನೀನು, ಎನ್ನುತ್ತಾನೆ ಅವನು. ಎರಡು ಸಾಲು ಸೇರಿ ಒಂದು ಹೂವು. ನಾನು ಅರ್ಧ ಕಿತ್ತು ತಂದು ನೆಟ್ಟೆ.

ನನ್ನನ್ನೂ ಒಬ್ಬ ಒಮ್ಮೆ ಹೂವು ಎಂದಿದ್ದ. ಯಾವ ಹೂವು ಎಂದು ಕೇಳಿದ್ದೆ. ಏಳು ವರ್ಷಕ್ಕೆ ಆ ಮದುವೆ ಮುಗಿಯಿತು.

ಏಪ್ರಿಲ್ 17, ಗುರುವಾರ

ಅಪ್ಪ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಚೀಲ ಹಿಡಿದು ಹೊರಡುತ್ತಾರೆ. ಎಲ್ಲಿಗೆ ಎಂದರೆ "ಸುತ್ತಾಡೋಕೆ." ಬರುವಾಗ ಚಪ್ಪಲಿಯ ಮೇಲೆ ಬಿಳಿ ಧೂಳು. ಅವರ ಪೆನ್ಸಿಲ್ ಮೊಂಡಾಗಿತ್ತು, ಹೆರೆದು ಅವರ ಜೇಬಿಗಿಟ್ಟೆ.

ಏಪ್ರಿಲ್ 26, ಶನಿವಾರ

ಮೇಸ್ತ್ರಿಯ ಫೋನು: ಬರಬೇಕು, ಸಹಿ ಬೇಕು.

ಹೋದೆ. ಒಂದು ಹಾಳೆ ಮುಂದಿಟ್ಟ. ಕಲ್ಲಿನ ಚಿತ್ರ, ಅಳತೆಗೆ ಸರಿಯಾಗಿ, ಅಪ್ಪನ ಕೈಯದು. ಎಡಗಡೆ ಈಗ ಇರುವುದೆಲ್ಲ ಇದ್ದ ಹಾಗೇ. ಬಲಗಡೆ ಅಪ್ಪನ ಹೆಸರಿಲ್ಲ, ವರ್ಷವಿಲ್ಲ. ನಡುವೆ ದೊಡ್ಡ ಅಕ್ಷರದಲ್ಲಿ ಆ ಮುಳ್ಳಿನ ಸಾಲು ಒಂದೇ. ಮತ್ತೆ ಅಮ್ಮನ ಸಾಲು ಮುಗಿಯುವಲ್ಲಿ ಕೆಂಪು ಪೆನ್ಸಿಲ್ಲಿನ ಒಂದು ಸಣ್ಣ ಗುರುತು, ಮೇಲ್ಮುಖವಾದ ಬಾಣದ ತುದಿಯಂತೆ. ಅಚ್ಚುಕೂಟದವರ ಮನೆಯಲ್ಲಿ ಬೆಳೆದವಳಿಗೆ ಅದನ್ನು ಯಾರೂ ಓದಿ ಹೇಳಬೇಕಿಲ್ಲ. ಆದರೂ ಅಂಚಿನಲ್ಲಿ ಬರೆದಿದ್ದರು: ಬಿಟ್ಟುಹೋಗಿದೆ. ಸೇರಿಸಿ.

"ಹದಿನೈದು ದಿನದಿಂದ ಬಂದು ಅಲ್ಲೇ ಕೂತು ಬರೀತಾರೆ, ಅಳಿಸ್ತಾರೆ" ಎಂದ ಮೇಸ್ತ್ರಿ. "ನಿಮ್ಮ ಹೆಸರಿಗೆ ಜಾಗ ಉಳಿಯಲ್ಲ ಯಜಮಾನ್ರೇ ಅಂದೆ. ಕಲ್ಲು ಅವಳದು ಅಂದ್ರು. ಮಗಳಿಗೆ ನೀವೇ ಹೇಳಿ ಅಂದೆ. ಅವಳು ತಿದ್ದುತಾಳೆ, ನೀನೇ ತೋರಿಸು ಅಂದ್ರು."

ಹಾಳೆ ಮಡಚಿ ಮನೆಗೆ ತಂದೆ. ಅಪ್ಪ ಅಡುಗೆಮನೆಯ ಮೇಜಿನ ಬಳಿ ಪೇಪರ್ ಓದುತ್ತಿದ್ದರು. ಎದುರು ಕೂತೆ. ಮೊದಲು ಬೇರೆ ಏನೋ ಕೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಇದು:

"ಅವಳಿದ್ದಾಗ ಹೇಳೋಕೆ ಏನಾಗಿತ್ತು ನಿಮಗೆ?"

ಪೇಪರ್ ಮಡಚಿದರು. ಮಡಿಕೆಯನ್ನು ಉಗುರಿನಿಂದ ತೀಡಿದರು.

"ಪುಸ್ತಕ ಅಚ್ಚಾಗಿ ಹೊಲಿಗೆ ಆದಮೇಲೆ ಒಂದೊಂದು ತಪ್ಪು ಕಾಣೋದು. ಆಗ ಒಂದು ಚೀಟಿ ಅಚ್ಚು ಮಾಡಿ ಕೊನೇ ಪುಟಕ್ಕೆ ಅಂಟಿಸ್ತಿದ್ವಿ."

"ಅದನ್ನ ಯಾರು ಓದ್ತಿದ್ರು?"

"ಯಾರೂ ಓದ್ತಿರಲಿಲ್ಲ." ಪೇಪರನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಟ್ಟು, "ಆದ್ರೂ ಅಂಟಿಸ್ತಿದ್ವಿ."

ಇದನ್ನು ಕ್ಷಮೆ ಕೇಳುವುದು ಎನ್ನುತ್ತಾರೆಯೇ? ಎನ್ನುವುದಾದರೆ ಕೇಳಬೇಕಾದವಳು ಕೇಳಿಸಿಕೊಳ್ಳುವ ಕಡೆ ಇಲ್ಲ. ಸತ್ತವರಿಗೆ ಒಳ್ಳೆಯ ಮಾತಾಡುವುದು ಎಷ್ಟು ಸುಲಭ, ತಿರುಗಿ ಮುಖ ನೋಡುವುದಿಲ್ಲ ಅವರು. ಹಾಳೆಯನ್ನು ಎರಡು ಸಲ ಓದಿದೆ. ತಪ್ಪು ಸಿಗಲಿ ಎಂದೇ ಓದಿದೆ. ಒಂದೂ ಸಿಗಲಿಲ್ಲ.

ಏಪ್ರಿಲ್ 28, ಸೋಮವಾರ

ಲೈಬ್ರರಿಗೆ ಹೋಗುವ ದಾರಿಯಲ್ಲಿ ಅಂಗಳಕ್ಕೆ ಹೋಗಿ ಸಹಿ ಹಾಕಿಕೊಟ್ಟೆ. ಅಪ್ಪನ ಹೆಸರಿಗೆ ಜಾಗ ಎಲ್ಲಿ ಎನ್ನುವುದು ಮುಂದೆ ನನ್ನ ತಲೆನೋವು.

ಮೇಸ್ತ್ರಿ ಬಲಗಡೆಗೂ ಹೂವು ಬೇಕಾ, ಈ ಸಲವಾದರೂ ಲಿಲ್ಲಿ ಹಾಕಲಾ ಎಂದು ಕೇಳಿದ. ಬೇಡ, ಅಮ್ಮನ ಕಡೆಯ ಹೂವೇ ಸಾಕು, ಫ್ಯಾನಿನ ಥರ ಇದ್ದರೂ ಅದೇ ಇರಲಿ, ಅದರ ಪಕ್ಕಕ್ಕೆ ಮುಳ್ಳು ಮಾತ್ರ ಕೆತ್ತು ಎಂದೆ.

"ಎಷ್ಟು ಮೇಡಮ್?"

ತಂಗಿ ಎಣಿಸಿದ್ದು ಎರಡೇ. "ಮೂರು" ಎಂದೆ.